ಬ್ರೇಕ್ ಹಾಕಿದ ಕಾರು ಎಷ್ಟು ದೂರ ಹೋಗಿ ನಿಲ್ಲುತ್ತದೆ? ಲೆಕ್ಕ ಮಾಡುವುದು ಹೀಗೆ

ಚಲನೆಯ ಲೆಕ್ಕ ಕಂಡ ಕೂಡಲೇ ಸೂತ್ರಕ್ಕೆ ಕೈ ಹಾಕಬೇಡಿ. ಮೊದಲು ಒಂದು ಗೆರೆ ಎಳೆದು, ವಸ್ತು ಯಾವ ಕಡೆ ಹೊರಟಿದೆ ಎಂದು ಬಾಣ ಹಾಕಿ. ಆ ದಿಕ್ಕು ಪ್ಲಸ್, ಎದುರು ದಿಕ್ಕು ಮೈನಸ್. ತಪ್ಪುಗಳು ಜಾಸ್ತಿ ಆಗುವುದು ಈ ಚಿಹ್ನೆಯಲ್ಲೇ.

ಗಂಟೆಗೆ 72 ಕಿ.ಮೀ. ವೇಗದ ಕಾರೊಂದಕ್ಕೆ ಬ್ರೇಕ್ ಬಿದ್ದಿದೆ. ಪ್ರತಿ ಸೆಕೆಂಡಿಗೂ ವೇಗ 4 ಮೀ/ಸೆ. ಇಳಿಯುತ್ತಿದೆ. ನಿಲ್ಲುವಷ್ಟರಲ್ಲಿ ಎಷ್ಟು ದೂರ ಹೋಗಿರುತ್ತದೆ?

ಗೊತ್ತಿರುವುದನ್ನು ಬರೆದುಕೊಳ್ಳಿ. ಕಿ.ಮೀ./ಗಂಟೆಯನ್ನು ಮೀ/ಸೆ.ಗೆ ಬದಲಿಸಲು 72 ಅನ್ನು 3.6ರಿಂದ ಭಾಗಿಸಿದರೆ ಆರಂಭದ ವೇಗ 20 ಮೀ/ಸೆ. ಕೊನೆಯ ವೇಗ 0. ವೇಗ ಇಳಿಯುತ್ತಿರುವುದರಿಂದ ವೇಗೋತ್ಕರ್ಷ (ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಎಂಬುದು) −4 ಮೀ/ಸೆ². ಬೇಕಿರುವುದು ಸ್ಥಾನಪಲ್ಲಟ, ಅಂದರೆ ಹೊರಟ ಜಾಗದಿಂದ ಬಾಣದ ದಿಕ್ಕಿನಲ್ಲಿ ಎಷ್ಟು ದೂರ ಸರಿದಿದೆ ಎಂಬುದು.

ಈಗ ಸೂತ್ರಗಳು:

ಕೊನೆಯ ವೇಗ = ಆರಂಭದ ವೇಗ + ವೇಗೋತ್ಕರ್ಷ × ಕಾಲ

ಸ್ಥಾನಪಲ್ಲಟ = ಆರಂಭದ ವೇಗ × ಕಾಲ + ½ × ವೇಗೋತ್ಕರ್ಷ × ಕಾಲ²

ಕೊನೆಯ ವೇಗ² = ಆರಂಭದ ವೇಗ² + 2 × ವೇಗೋತ್ಕರ್ಷ × ಸ್ಥಾನಪಲ್ಲಟ

ಯಾವುದನ್ನು ಆರಿಸಬೇಕು? ಪ್ರಶ್ನೆಯಲ್ಲಿ ಕೊಟ್ಟೂ ಇಲ್ಲದ, ಕೇಳಿಯೂ ಇಲ್ಲದ ಅಂಶ ಯಾವುದು ನೋಡಿ. ಇಲ್ಲಿ ಅದು ಕಾಲ. ಕಾಲವೇ ಇಲ್ಲದ ಸೂತ್ರ ಮೂರನೆಯದು. 0 = 400 − 8 × ಸ್ಥಾನಪಲ್ಲಟ; ಉತ್ತರ 50 ಮೀಟರ್. ವೇಗ ಅರ್ಧವಾಗಿ 10 ಮೀ/ಸೆ. ಇದ್ದಿದ್ದರೆ ಬರೀ 12.5 ಮೀಟರ್. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟು! ವೇಗದ ವರ್ಗ ಅಂದರೆ ಏನೆಂದು ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

ಉತ್ತರ ಸರಿಯೇ ಎಂದು ಇನ್ನೊಂದು ದಾರಿಯಲ್ಲಿ ನೋಡಿ. 20ರಿಂದ ಸೊನ್ನೆಗೆ ಇಳಿಯಲು 5 ಸೆಕೆಂಡು. ಸರಾಸರಿ ವೇಗ 10. ಹತ್ತೈದಲಿ 50.

ಇನ್ನು ನನಗೆ ತುಂಬಾ ಇಷ್ಟವಾದ ಪ್ರಶ್ನೆ: ಬ್ರೇಕ್ ಹಾಕಿದ ಮೇಲೆ 8 ಸೆಕೆಂಡಿನಲ್ಲಿ ಇದೇ ಕಾರು ಎಷ್ಟು ದೂರ ಹೋಗುತ್ತದೆ? ಸುಮ್ನೆ ಎರಡನೇ ಸೂತ್ರಕ್ಕೆ ಹಾಕಿದರೆ 160 − 128 = 32 ಮೀಟರ್ ಬರುತ್ತದೆ. 5 ಸೆಕೆಂಡಿಗೇ 50 ಮೀಟರ್ ಹೋದ ಕಾರು 8 ಸೆಕೆಂಡಿಗೆ 32ರಲ್ಲಿ ಹೇಗಿರುತ್ತದೆ? ಬ್ರೇಕ್ ಕಾರನ್ನು ನಿಲ್ಲಿಸುತ್ತದೆ, ಹಿಂದಕ್ಕೆ ಓಡಿಸುವುದಿಲ್ಲ. ನಿಂತ ಕ್ಷಣಕ್ಕೇ ಆ −4 ಮುಗಿಯಿತು, ಸೂತ್ರದ ಕೆಲಸವೂ ಮುಗಿಯಿತು. ಸರಿಯಾದ ಉತ್ತರ 50 ಮೀಟರೇ.

19.6 ಮೀ/ಸೆ. ವೇಗದಲ್ಲಿ ನೇರ ಮೇಲಕ್ಕೆ ಎಸೆದ ಚೆಂಡಿನ ಕಥೆ ಬೇರೆ. ಗಾಳಿಯ ತಡೆ ಬಿಟ್ಟರೆ, 2 ಸೆಕೆಂಡಿಗೆ ಅದು 19.6 ಮೀಟರ್ ಎತ್ತರದ ತುದಿ ಮುಟ್ಟುತ್ತದೆ. ಅಲ್ಲಿ ವೇಗ ಸೊನ್ನೆ. ಆದರೆ ಗುರುತ್ವದ ವೇಗೋತ್ಕರ್ಷ −9.8 ಮೀ/ಸೆ² ಹಾಗೇ ಇರುತ್ತದೆ, ಅದಕ್ಕೇ ಚೆಂಡು ಕೆಳಗೆ ಬರುತ್ತದೆ. ಎಸೆದು 3 ಸೆಕೆಂಡು ಆದಾಗ ಅದೇ ಎರಡನೇ ಸೂತ್ರ 14.7 ಮೀಟರ್ ಎನ್ನುತ್ತದೆ. ಈ ಉತ್ತರ ಸರಿ.