ವಿಮಾನ ಕಂಪನಿಯ ಷೇರು: ಪೈಸೆ ಲೆಕ್ಕದಲ್ಲಿ ನೋಡುವ ನನ್ನ ಕ್ರಮ

ವಿಮಾನ ಕಂಪನಿಯ ಷೇರಿಗೆ ದುಡ್ಡು ಹಾಕುವ ಮುಂಚೆ ನಾನು ಲಾಭದ ಅಂಕಿ ನೋಡುವುದಿಲ್ಲ. ಒಂದು ಸೀಟನ್ನು ಒಂದು ಕಿಲೋಮೀಟರ್ ಹಾರಿಸಿದ್ದಕ್ಕೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ನೋಡುತ್ತೇನೆ. ಬಂದದ್ದನ್ನು ರಾಸ್ಕ್ ಎನ್ನುತ್ತಾರೆ, ಹೋದದ್ದನ್ನು ಕಾಸ್ಕ್. ಸೀಟು ತುಂಬಿರಲಿ, ಖಾಲಿಯಿರಲಿ, ಹಾರಿಸಿದ ಒಟ್ಟು ಸೀಟುಗಳನ್ನು ದೂರದಿಂದ ಗುಣಿಸಿದರೆ ಸಿಗುವುದು ಎಎಸ್‌ಕೆ. ಪ್ರತಿ ತ್ರೈಮಾಸಿಕ ಫಲಿತಾಂಶದ ಜೊತೆ ಕಂಪನಿ ಕೊಡುವ ಪತ್ರಿಕಾ ಪ್ರಕಟಣೆಯಲ್ಲೇ ಇವು ಇರುತ್ತವೆ. ಷೇರನ್ನು ಏರಿಸುವ, ಇಳಿಸುವ ಸುದ್ದಿ ಯಾವುದೇ ಇರಲಿ, ಅದರಿಂದ ರಾಸ್ಕ್‌ಗೂ ಕಾಸ್ಕ್‌ಗೂ ನಡುವಿನ ಅಂತರ ಎಷ್ಟು ಪೈಸೆ ಅಲುಗುತ್ತದೆ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಆ ಅಂತರ ಎಷ್ಟು ತೆಳು ಎಂಬುದಕ್ಕೆ ಇಂಡಿಗೋದ ಲೆಕ್ಕ ನೋಡಿ. 2024–25ರಲ್ಲಿ ಅದರ ಎಎಸ್‌ಕೆ ಸುಮಾರು 15,700 ಕೋಟಿ, ನಿವ್ವಳ ಲಾಭ 7,258 ಕೋಟಿ ರೂಪಾಯಿ. ಭಾಗಿಸಿದರೆ ಸೀಟು-ಕಿಲೋಮೀಟರಿಗೆ ಉಳಿದದ್ದು 46 ಪೈಸೆ. ದೇಶದ ಅತಿ ದೊಡ್ಡ ಕಂಪನಿ, ಒಳ್ಳೆಯ ವರ್ಷ, ಆದರೂ ಇಷ್ಟೇ. ಇದರಲ್ಲಿ 10 ಪೈಸೆ ಹೆಚ್ಚುಕಡಿಮೆಯಾದರೆ 1,570 ಕೋಟಿ ರೂಪಾಯಿ ಆಚೀಚೆ, ಅಂದರೆ ಆ ವರ್ಷದ ಲಾಭದ ಐದನೇ ಒಂದು ಪಾಲಿಗಿಂತ ಹೆಚ್ಚು. ಷೇರುಗಳು ಸುಮಾರು 38.6 ಕೋಟಿ ಇರುವುದರಿಂದ ಪ್ರತಿ ಷೇರಿಗೆ ತೆರಿಗೆಗೆ ಮುಂಚೆ 40 ರೂಪಾಯಿ ಬೀಳುತ್ತದೆ. ಈ ಷೇರುಗಳು ಸಣ್ಣ ಸುದ್ದಿಗೂ ಇಷ್ಟು ಜೋರಾಗಿ ಕುಣಿಯುವುದಕ್ಕೆ ಕಾರಣ ಇಲ್ಲೇ ಇದೆ.

ನನ್ನ ಪಟ್ಟಿಯಲ್ಲಿ ಮೊದಲ ಸಾಲು ಇಂಧನದ್ದು. ವಿಮಾನ ಇಂಧನ ಎಟಿಎಫ್‌ನ ದರವನ್ನು ತೈಲ ಕಂಪನಿಗಳು ಪ್ರತಿ ತಿಂಗಳ 1ನೇ ತಾರೀಕು ಪರಿಷ್ಕರಿಸುತ್ತವೆ. ದರ ಕಿಲೋಲೀಟರಿಗೆ ಇರುತ್ತದೆ. ಕಚ್ಚಾ ತೈಲ ಇಳಿಯಿತು ಎಂದು ಟಿವಿಯಲ್ಲಿ ಬಂದ ದಿನವೇ ಷೇರು ಏರಬಹುದು, ಆದರೆ ಕಂಪನಿಯ ಬಿಲ್ ಇಳಿಯುವುದು ಮುಂದಿನ ತಿಂಗಳು. ನಮ್ಮ ಕಂಪನಿಗಳ ಒಟ್ಟು ಖರ್ಚಿನಲ್ಲಿ ಇಂಧನವೇ ಸಾಮಾನ್ಯವಾಗಿ ಶೇ 30ರಿಂದ 40. ಎಟಿಎಫ್ ಇನ್ನೂ ಜಿಎಸ್‌ಟಿಯೊಳಗೆ ಬಂದಿಲ್ಲ. ರಾಜ್ಯಗಳು ಹಾಕುವ ವ್ಯಾಟ್ ಒಂದೊಂದು ಕಡೆ ಒಂದೊಂದು ಥರ, ಕಟ್ಟಿದ್ದು ವಾಪಸ್ ಬರುವುದೂ ಇಲ್ಲ.

ಒಂದು ಹಾರಾಟದ ಅಂದಾಜು ಹಾಕೋಣ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,700 ಕಿ.ಮೀ. 180 ಸೀಟಿನ ಎ320 ನಿಯೋ ಐದೂವರೆ ಟನ್ ಚಿಲ್ಲರೆ ಇಂಧನ ಸುಡುತ್ತದೆ ಎಂದಿಟ್ಟುಕೊಂಡರೆ ಅದು ಸುಮಾರು 7 ಕಿಲೋಲೀಟರ್. ಕಿಲೋಲೀಟರಿಗೆ 90,000 ರೂಪಾಯಿ ಹಿಡಿದರೆ ಒಟ್ಟು 6.3 ಲಕ್ಷ. ಸೀಟು ಶೇ 85 ತುಂಬಿದ್ದರೆ 153 ಜನ, ತಲೆಗೆ 4,100 ರೂಪಾಯಿ ಇಂಧನಕ್ಕೇ ಹೋಯಿತು. ದರ ಶೇ 5 ಏರಿದರೆ ತಲೆಗೆ ಇನ್ನೂ 200 ರೂಪಾಯಿ. ಈ 200ನ್ನು ಟಿಕೆಟ್‌ಗೆ ಸೇರಿಸುವ ತಾಕತ್ತು ಕಂಪನಿಗೆ ಇದೆಯೇ ಎಂಬುದರ ಮೇಲೆ ಮುಂದಿನ ಫಲಿತಾಂಶ ನಿಂತಿದೆ. ದೀಪಾವಳಿ, ಬೇಸಿಗೆ ರಜೆಯಲ್ಲಿ ಸೇರಿಸಬಹುದು. ಆಗಸ್ಟ್ ಮಳೆಯಲ್ಲಿ ಆಗುವುದಿಲ್ಲ.

ಎರಡನೆಯದು ಡಾಲರ್. ಹೆಚ್ಚಿನವರು ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಮಾನದ ಬಾಡಿಗೆ, ಎಂಜಿನ್ ರಿಪೇರಿ, ಬಿಡಿಭಾಗ ಎಲ್ಲ ಡಾಲರಿನಲ್ಲಿ; ಟಿಕೆಟ್ ಹಣ ಬಹುಪಾಲು ರೂಪಾಯಿಯಲ್ಲಿ. 2019ರ ಏಪ್ರಿಲ್‌ನಿಂದ ಜಾರಿಯಾದ ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ನಿಯಮದಂತೆ ಮುಂದಿನ ವರ್ಷಗಳ ಲೀಸ್ ಬಾಡಿಗೆಯೂ ಇವತ್ತೇ ಸಾಲದ ಹಾಗೆ ಬ್ಯಾಲೆನ್ಸ್ ಶೀಟಿನಲ್ಲಿ ಕೂರುತ್ತದೆ. ತ್ರೈಮಾಸಿಕದ ಕೊನೆಯ ದಿನದ ಡಾಲರ್ ರೇಟಿಗೆ ಅದನ್ನು ಮತ್ತೆ ಲೆಕ್ಕ ಹಾಕುತ್ತಾರೆ. 100 ಕೋಟಿ ಡಾಲರ್ ಹೊಣೆ ಇದ್ದು ರೂಪಾಯಿ ಒಂದು ರೂಪಾಯಿ ಕುಸಿದರೆ 100 ಕೋಟಿ ನಷ್ಟ ಪುಸ್ತಕಕ್ಕೆ ಬೀಳುತ್ತದೆ, ಆ ದಿನ ಒಂದು ಪೈಸೆ ಕೈಬಿಟ್ಟು ಹೋಗಿರದಿದ್ದರೂ.

2025ರ ಜುಲೈ–ಸೆಪ್ಟೆಂಬರ್‌ನಲ್ಲಿ ಇಂಡಿಗೋ ತೋರಿಸಿದ್ದು 2,582 ಕೋಟಿ ನಷ್ಟ. ಅದರಿಂದ ವಿನಿಮಯ ದರದ ಪರಿಣಾಮ ತೆಗೆದರೆ 104 ಕೋಟಿ ಲಾಭ. ಶೀರ್ಷಿಕೆ ಮಾತ್ರ ಓದಿದವರಿಗೆ ಕಂಪನಿ ಮುಳುಗಿದಂತೆ ಕಂಡಿತು. ಹಾಗೆಂದು ಆ ನಷ್ಟವನ್ನು ಪೂರ್ತಿ ತಳ್ಳಿಹಾಕುವುದೂ ತಪ್ಪು, ಏಕೆಂದರೆ ರೂಪಾಯಿ ಮತ್ತೆ ಮೇಲೇಳದಿದ್ದರೆ ವರ್ಷಾನುವರ್ಷ ಬಾಡಿಗೆ ಕಟ್ಟುವಾಗ ಅದು ನಿಜವಾದ ಖರ್ಚೇ ಆಗುತ್ತದೆ. ನಾನು ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆಯುತ್ತೇನೆ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಾಫಿ ಬೆಳೆಗಾರರಿಗೆ ಇಲ್ಲಿ ಒಂದು ಅನುಕೂಲವಿದೆ. ಅರೇಬಿಕಾ ರೇಟು ನ್ಯೂಯಾರ್ಕ್‌ನಿಂದ, ರೊಬಸ್ಟಾ ರೇಟು ಲಂಡನ್‌ನಿಂದ, ಎರಡೂ ಡಾಲರ್ ಮೂಲಕವೇ ನಮ್ಮ ಚೀಲಕ್ಕೆ ಬರುತ್ತವೆ. ರೂಪಾಯಿ ಕುಸಿದರೆ ಪಾರ್ಚ್‌ಮೆಂಟ್ ಮೂಟೆಗೆ ನಾಲ್ಕು ಕಾಸು ಹೆಚ್ಚು. ಅದೇ ಕುಸಿತ ವಿಮಾನ ಕಂಪನಿಗೆ ಹೊಡೆತ. ಹಾಗಾಗಿ ತೋಟದ ಆದಾಯ ಇರುವವರ ಕೈಯಲ್ಲಿ ಈ ಷೇರು ಸ್ವಲ್ಪವಿದ್ದರೆ ಡಾಲರಿನ ಏರಿಳಿತ ಒಂದಕ್ಕೊಂದು ಅಷ್ಟಿಷ್ಟು ಸರಿದೂಗುತ್ತದೆ. ಆದಾಯವೇ ಐಟಿ ಸಂಬಳವಾಗಿದ್ದರೂ ಹೆಚ್ಚುಕಡಿಮೆ ಇದೇ ಮಾತು. ಕಾಫಿ ರಫ್ತು ಕಂಪನಿಯ ಷೇರನ್ನೇ ಇನ್ನಷ್ಟು ತುಂಬಿಕೊಳ್ಳುವುದಕ್ಕಿಂತ ಇದು ನನಗೆ ಸರಿ ಕಾಣುತ್ತದೆ.

ಮೂರನೆಯದು ಮಾರುಕಟ್ಟೆಯಲ್ಲಿ ಒಟ್ಟು ಎಷ್ಟು ಸೀಟು ಇವೆ ಎಂಬುದು. ಎದುರಾಳಿ ಕಂಪನಿ ಹಾರಾಟ ನಿಲ್ಲಿಸಿದರೆ ಉಳಿದವರ ಟಿಕೆಟ್ ದರ ಏರುತ್ತದೆ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತು. ಆ ಏಪ್ರಿಲ್–ಜೂನ್‌ನಲ್ಲಿ ಇಂಡಿಗೋ ಲಾಭ 1,203 ಕೋಟಿ. 2023ರ ಮೇ 2ರಂದು ಗೋ ಫಸ್ಟ್ ದಿವಾಳಿ ಅರ್ಜಿ ಹಾಕಿತು. ಆ ತ್ರೈಮಾಸಿಕದ ಲಾಭ 3,091 ಕೋಟಿ, ಹಿಂದಿನ ವರ್ಷ ಅದೇ ಅವಧಿಯಲ್ಲಿ 1,064 ಕೋಟಿ ನಷ್ಟವಿತ್ತು. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಪ್ರತಿ ತಿಂಗಳು ಪ್ರಯಾಣಿಕರ ಸಂಖ್ಯೆ, ಮಾರುಕಟ್ಟೆ ಪಾಲು, ಲೋಡ್ ಫ್ಯಾಕ್ಟರ್ (ಸೀಟು ಶೇಕಡಾ ಎಷ್ಟು ತುಂಬಿತ್ತು ಎಂಬುದು) ಪ್ರಕಟಿಸುತ್ತದೆ. ಅದನ್ನು ಹಿಂದಿನ ತಿಂಗಳಿನ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಅದೇ ತಿಂಗಳಿನ ಜೊತೆ ಹೋಲಿಸಿ.

ಲೋಡ್ ಫ್ಯಾಕ್ಟರ್ ಒಂದನ್ನೇ ನಂಬಬಾರದು ಎಂಬುದಕ್ಕೆ ಹಾಸನದವರಿಗೆ ದೂರದ ಉದಾಹರಣೆ ಬೇಡ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರು ಮಾಡಿದ ಏರ್ ಡೆಕ್ಕನ್ ಸಾಮಾನ್ಯ ಜನರನ್ನು ವಿಮಾನ ಹತ್ತಿಸಿತು. ಅದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅಷ್ಟು ಜನ ಹತ್ತಿದರೂ ಕಂಪನಿ ನಷ್ಟದಲ್ಲೇ ಇತ್ತು, ಯಾಕೆಂದರೆ ಟಿಕೆಟ್ ದರ ಸೀಟಿನ ಖರ್ಚನ್ನು ಮುಟ್ಟಲಿಲ್ಲ. 2006ರಲ್ಲಿ ಷೇರು ಕೊಂಡು ಇಟ್ಟುಕೊಂಡವರ ಕೈಯಲ್ಲಿ, ಎರಡೂ ಕಂಪನಿ ಒಂದಾದ ಮೇಲೆ, ಕೊನೆಗೆ ಉಳಿದದ್ದು ಕಿಂಗ್‌ಫಿಷರ್ ಏರ್‌ಲೈನ್ಸ್ ಹೆಸರಿನ ಷೇರು, ಅದರ ಹಾರಾಟ 2012ರ ಅಕ್ಟೋಬರ್‌ನಲ್ಲಿ ನಿಂತಿತು.

ಊರಿನ ಸುದ್ದಿಗೂ ಇದೇ ಲೆಕ್ಕ ಹಾಕಬೇಕು. ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ 78 ಸೀಟಿನ ಎಟಿಆರ್ ದಿನಕ್ಕೊಮ್ಮೆ ಹೋಗಿ ಬಂತು ಎಂದುಕೊಳ್ಳಿ. ನೇರ ದೂರ 175 ಕಿ.ಮೀ. ಹಿಡಿದರೆ ವರ್ಷಕ್ಕೆ ಎಎಸ್‌ಕೆ ಸುಮಾರು ಒಂದು ಕೋಟಿ. 15,700 ಕೋಟಿಯ ಮುಂದೆ ಅದು ಲೆಕ್ಕಕ್ಕೆ ಬರುವುದಿಲ್ಲ. ನಮಗೆ ವಿಮಾನ ಬರಲಿ ಎಂಬ ಆಸೆ ಬೇರೆ, ಷೇರು ಬೇರೆ.

ಹಾರದೆ ನಿಂತ ವಿಮಾನಗಳ ಸಂಖ್ಯೆಯನ್ನು ತ್ರೈಮಾಸಿಕ ಫಲಿತಾಂಶದ ನಂತರ ಕಂಪನಿ ಹೂಡಿಕೆದಾರರ ಜೊತೆ ನಡೆಸುವ ಫೋನ್ ಕರೆಯಲ್ಲಿ ಕೇಳಿ ಬರೆದುಕೊಳ್ಳುತ್ತೇನೆ. ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್ ದೋಷದಿಂದ ನಿಂತ ವಿಮಾನ ಒಂದು ರೂಪಾಯಿ ದುಡಿಯುವುದಿಲ್ಲ, ಬಾಡಿಗೆ ಮಾತ್ರ ತಪ್ಪುವುದಿಲ್ಲ. ಬದಲಿಗೆ ತಂದ ವಿಮಾನದ ಬಾಡಿಗೆ ಬೇರೆ. ಎಂಜಿನ್ ತಯಾರಕರು ಕೊಡುವ ಪರಿಹಾರ ಎಷ್ಟು, ಅದು ಯಾವ ಸಾಲಿನಲ್ಲಿ ಸೇರಿದೆ ಎಂದೂ ನೋಡಬೇಕು. ಪರಿಹಾರ ನಿಂತ ದಿನ ಕಾಸ್ಕ್ ಜಿಗಿಯುತ್ತದೆ. ಪೈಲಟ್‌ಗಳ ಲೆಕ್ಕವೂ ಹೀಗೆಯೇ. 2025ರ ನವೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿ ನಿಯಮದ ಎರಡನೇ ಹಂತ ಜಾರಿಯಾಯಿತು. ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ಹಾರಾಟ ರದ್ದಾದವು. ಸರ್ಕಾರ ಟಿಕೆಟ್ ದರಕ್ಕೆ ತಾತ್ಕಾಲಿಕ ಮಿತಿ ಹಾಕಿ, ವೇಳಾಪಟ್ಟಿಯನ್ನು ಶೇ 10 ಕಡಿತ ಮಾಡಿಸಿತು. ಡಿಸೆಂಬರ್ 8ರ ಒಂದೇ ದಿನ ಷೇರು ಶೇ 8ರ ಆಸುಪಾಸು ಬಿತ್ತು. ಮಾರುಕಟ್ಟೆಯ ಅರ್ಧಕ್ಕಿಂತ ಹೆಚ್ಚು ಪಾಲು ಒಬ್ಬರ ಕೈಯಲ್ಲಿದ್ದರೆ ದರ ಏರಿಸುವ ಬಲದ ಜೊತೆಗೆ ಸರ್ಕಾರದ ಕಣ್ಣೂ ಅವರ ಮೇಲೆಯೇ ಇರುತ್ತದೆ.

ವ್ಯವಹಾರಕ್ಕೆ ಸಂಬಂಧವೇ ಇಲ್ಲದೆ ಬೆಲೆ ಅಲುಗುವುದೂ ಉಂಟು. ಇಂಡಿಗೋ ಸ್ಥಾಪಕರಲ್ಲೊಬ್ಬರಾದ ರಾಕೇಶ್ ಗಂಗ್ವಾಲ್ 2022ರ ಫೆಬ್ರುವರಿಯಲ್ಲಿ ಅದರ ನಿರ್ದೇಶಕ ಮಂಡಳಿಯಿಂದ ಹೊರಬಂದು, ಪಾಲನ್ನು ಹಂತಹಂತವಾಗಿ ಇಳಿಸುತ್ತೇನೆ ಎಂದರು. ಆಮೇಲೆ ಬ್ಲಾಕ್ ಡೀಲ್ (ಒಂದೇ ಸಲಕ್ಕೆ ದೊಡ್ಡ ಪ್ರಮಾಣದ ಮಾರಾಟ) ಬಂದಾಗಲೆಲ್ಲ ಆ ದಿನ ಷೇರಿನ ಮೇಲೆ ಒತ್ತಡ. 2025ರ ಸೆಪ್ಟೆಂಬರ್ 30ರಿಂದ ಇಂಡಿಗೋ ನಿಫ್ಟಿ 50 ಸೂಚ್ಯಂಕಕ್ಕೆ ಸೇರಿದಾಗ ಅದನ್ನು ಅನುಸರಿಸುವ ಇಂಡೆಕ್ಸ್ ಫಂಡ್‌ಗಳು ಕೊಳ್ಳಲೇಬೇಕಾಯಿತು. ತ್ರೈಮಾಸಿಕ ಮುಗಿದ 21 ದಿನದೊಳಗೆ ಬರುವ ಷೇರುದಾರರ ಪಟ್ಟಿಯಲ್ಲಿ ಪ್ರವರ್ತಕರ ಪಾಲು, ಅಡವಿಟ್ಟ ಷೇರು ನೋಡಿದರೆ ಈ ಭಾಗ ಮುಗಿಯಿತು.

ಷೇರಿನ ಬೆಲೆಯನ್ನು ಪ್ರತಿ ಷೇರಿನ ಲಾಭದಿಂದ ಭಾಗಿಸಿದರೆ ಸಿಗುವ ಪಿಇ ಅನುಪಾತ ಇಲ್ಲಿ ದಾರಿ ತಪ್ಪಿಸುತ್ತದೆ. ಲಾಭ ತುತ್ತತುದಿಯಲ್ಲಿದ್ದಾಗ ಪಿಇ ಕಡಿಮೆ ಕಂಡು ಷೇರು ಅಗ್ಗ ಅನಿಸುತ್ತದೆ, ಇಂಧನ ಏರಿದ ಮರುವರ್ಷ ಆ ಲಾಭವೇ ಇರುವುದಿಲ್ಲ. ನಾನು ಮಾರುಕಟ್ಟೆ ಮೌಲ್ಯಕ್ಕೆ ಸಾಲವನ್ನೂ ಲೀಸ್ ಹೊಣೆಯನ್ನೂ ಕೂಡಿ, ನಗದು ಕಳೆದು, ಬಡ್ಡಿ, ತೆರಿಗೆ, ಸವಕಳಿ, ಬಾಡಿಗೆಗೆ ಮುಂಚಿನ ಗಳಿಕೆಯಿಂದ ಭಾಗಿಸುತ್ತೇನೆ. ನಗದಿನಲ್ಲಿ ಮುಟ್ಟಲಾಗದ, ಗ್ಯಾರಂಟಿಗೆ ಇಟ್ಟ ಹಣವನ್ನು ಬಿಡಬೇಕು. ಉಳಿದದ್ದು ಎಷ್ಟು ತಿಂಗಳ ಖರ್ಚಿಗೆ ಸಾಕು ಎಂಬುದು ಮುಖ್ಯ.

ಆ ನಗದು ಒಂದು ತಿಂಗಳಿಗೂ ಸಾಲದು, ತೈಲ ಕಂಪನಿ ನಗದು ಕೊಟ್ಟರಷ್ಟೇ ಇಂಧನ ಹಾಕುತ್ತದೆ, ಪಿಎಫ್ ಬಾಕಿ ಇದೆ, ಕಂಪನಿ ಮುಂದೆ ನಡೆಯುವ ಬಗ್ಗೆ ಆಡಿಟರ್ ಅನುಮಾನ ಬರೆದಿದ್ದಾರೆ ಎಂದರೆ ಬೆಲೆ ಎಷ್ಟೇ ಇಳಿದಿರಲಿ ನಾನು ಕೈ ಹಾಕುವುದಿಲ್ಲ. ದಿವಾಳಿಯಲ್ಲಿ ಷೇರುದಾರನ ಸರದಿ ಎಲ್ಲರಿಗಿಂತ ಕೊನೆ. ಜೆಟ್ ಷೇರು ಹಾರಾಟ ನಿಂತ ಮೇಲೂ ವರ್ಷಗಟ್ಟಲೆ ಕೈ ಬದಲಾಯಿತು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆಸ್ತಿ ಮಾರಿ ಮುಚ್ಚಲು ಆದೇಶಿಸಿತು.

ಕೊಳ್ಳುವ ಸಮಯದ ಬಗ್ಗೆ ಒಂದು ಮಾತು. ಕಾಫಿ ಕೊಯ್ಲು ಮುಗಿದು ಕೈಗೆ ದುಡ್ಡು ಬರುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಅಕ್ಟೋಬರ್–ಡಿಸೆಂಬರ್‌ನ ಹಬ್ಬದ ತ್ರೈಮಾಸಿಕದ ಫಲಿತಾಂಶ ಆಗಷ್ಟೇ ಬಂದಿರುತ್ತದೆ, ಕೊಳ್ಳುವ ಹುಮ್ಮಸ್ಸೂ ಹೆಚ್ಚಿರುತ್ತದೆ. ನಾನು ಮೂರರಲ್ಲಿ ಒಂದು ಪಾಲು ಮಾತ್ರ ಆಗ ಹಾಕಿ, ಉಳಿದದ್ದನ್ನು ಬೇಕಾದಾಗ ಬೇಗ ತೆಗೆಯಬಹುದಾದ ಲಿಕ್ವಿಡ್ ಫಂಡ್‌ನಲ್ಲಿಡುತ್ತೇನೆ. ಮಳೆಗಾಲದ ಜುಲೈ–ಸೆಪ್ಟೆಂಬರ್ ಅಂಕಿಗಳು ನವೆಂಬರ್ ಮಧ್ಯದೊಳಗೆ ಬರುತ್ತವೆ. ಅವುಗಳಲ್ಲಿ ಇಂಧನ ಬಿಟ್ಟು ಉಳಿದ ಕಾಸ್ಕ್ ಹಿಂದಿನ ವರ್ಷಕ್ಕಿಂತ ಏರಿಲ್ಲದಿದ್ದರೆ ಎರಡನೇ ಕಂತು ಹೋಗುತ್ತದೆ. ಏರಿದ್ದರೆ ಕಾರಣ ಸಿಗುವವರೆಗೆ ಹಣ ಅಲ್ಲೇ ಇರುತ್ತದೆ.