ಐದು ಪ್ಲಸ್ ಎರಡು: ಕೌನ್ಸಿಲ್ ಮನೆಗಳ ಲಿಫ್ಟ್ ಗುತ್ತಿಗೆ ಮುಂದುವರಿಸಿದ ನನ್ನ ಅನುಭವ

ಲಂಡನ್ನಿನ ಒಂದು ಕೌನ್ಸಿಲ್‌ನ ವಸತಿ ವಿಭಾಗದಲ್ಲಿ ನನಗೆ ಕೆಲಸ. ಕೌನ್ಸಿಲ್ ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ನಮ್ಮ ನಗರಪಾಲಿಕೆಯ ಹಾಗೆ; ಅದು ಮನೆಗಳನ್ನೂ ಬಾಡಿಗೆಗೆ ಕೊಡುತ್ತದೆ. ಲಿಫ್ಟು, ನೀರಿನ ಪಂಪು, ಬಾಗಿಲಿನ ಇಂಟರ್‌ಕಾಮ್, ಇಂಥವುಗಳ ಗುತ್ತಿಗೆ ನೋಡಿಕೊಳ್ಳುತ್ತೇನೆ. 2023ರ ಜನವರಿಯಲ್ಲಿ ಲಿಫ್ಟ್ ನಿರ್ವಹಣೆಯ ಗುತ್ತಿಗೆ ನನ್ನ ತಲೆಗೆ ಬಂತು. ಅದಕ್ಕೆ ಮುಂಚೆ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಹೋಗುವ ದಿನ ಹೇಳಿದ್ದು ಒಂದೇ ಮಾತು: "ಅದು ಐದು ಪ್ಲಸ್ ಎರಡು, ತಲೆ ಕೆಡಿಸಿಕೊಳ್ಳಬೇಡಿ." ಅಂದರೆ ಐದು ವರ್ಷದ ಗುತ್ತಿಗೆ, ಬೇಕಿದ್ದರೆ ಇನ್ನೆರಡು ವರ್ಷ ಮುಂದುವರಿಸಬಹುದು. ಐದು ವರ್ಷ ಮುಗಿಯುವುದು 2024ರ ಮಾರ್ಚ್ 31ಕ್ಕೆ. ಇನ್ನೂ ಹದಿನಾಲ್ಕು ತಿಂಗಳು ಇದೆಯಲ್ಲ ಅಂತ ನಾನೂ ಸುಮ್ಮನಿದ್ದೆ.

ಬೆಂಗಳೂರಿನಲ್ಲಿ ಅಪ್ಪ ತಮ್ಮ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ. ಫೋನಿನಲ್ಲಿ ಈ ವಿಷಯ ಹೇಳಿದರೆ ನಕ್ಕರು. "ವರ್ಷದ ಮೇಂಟೆನೆನ್ಸ್ ಕಾಂಟ್ರಾಕ್ಟ್ ರಿನ್ಯೂ ಮಾಡೋಕೆ ಒಂದು ವರ್ಷ ಬೇಕೇನೋ ನಿಂಗೆ? ನಾನು ಚೆಕ್ ಬರೆದು ಕೊಟ್ಟರೆ ಮುಗೀತು."

ಫೆಬ್ರವರಿಯಲ್ಲಿ ಕೊನೆಗೂ ಗುತ್ತಿಗೆ ಪತ್ರ ಓದಲು ಕುಳಿತೆ. ಮುಂದುವರಿಸುವ ಹಕ್ಕು ಕೌನ್ಸಿಲ್‌ಗೆ ಮಾತ್ರ, ಅದೇ ಷರತ್ತು, ಅದೇ ದರ. ಆದರೆ ಅವಧಿ ಮುಗಿಯುವ ಆರು ತಿಂಗಳು ಮೊದಲೇ ಲಿಖಿತ ನೋಟಿಸ್ ಕೊಡಬೇಕು. ಅಂದರೆ ನನ್ನ ನಿಜವಾದ ಗಡುವು ಮಾರ್ಚ್ ಅಲ್ಲ, ಸೆಪ್ಟೆಂಬರ್ 30. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಹೋದೆ. ಮೊತ್ತ ದೊಡ್ಡದು, ಹಾಗಾಗಿ ಇದು ಕೌನ್ಸಿಲ್‌ನ ಕ್ಯಾಬಿನೆಟ್, ಅಂದರೆ ದೊಡ್ಡ ತೀರ್ಮಾನ ಮಾಡುವ ಸದಸ್ಯರ ಸಮಿತಿಯ ಮುಂದೆ ಹೋಗಬೇಕು. ಅಂಥ ತೀರ್ಮಾನ ಬರುತ್ತಿದೆ ಅಂತ 28 ದಿನ ಮುಂಚೆ ಸಾರ್ವಜನಿಕವಾಗಿ ಪ್ರಕಟಿಸಬೇಕು. ಅದಕ್ಕೂ ಮುಂಚೆ ಕಾನೂನಿನವರು, ಹಣಕಾಸಿನವರು ವರದಿ ನೋಡಿ ತಮ್ಮ ಷರಾ ಬರೆಯಬೇಕು. ಸೆಪ್ಟೆಂಬರಿನ ಸಭೆ ಅಂದರೆ ತೀರಾ ಕೊನೇ ಗಳಿಗೆ. ಆಗಸ್ಟ್ ಸಭೆಗೆ ಹಾಕೋಣ ಅಂದುಕೊಂಡರೆ ಆಗಸ್ಟಿನಲ್ಲಿ ಸಭೆಯೇ ಇಲ್ಲ, ಎಲ್ಲರೂ ರಜೆಯ ಮೇಲೆ. ಉಳಿದದ್ದು ಜುಲೈ. ಹದಿನಾಲ್ಕು ತಿಂಗಳು ಅಂದುಕೊಂಡಿದ್ದು ಒಂದೇ ಮಧ್ಯಾಹ್ನದಲ್ಲಿ ಐದು ತಿಂಗಳಾಯಿತು.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಬೇರೆ ವಿಷಯ, ಸೆಕ್ಷನ್ 20.

ಇಲ್ಲಿನ ಕೌನ್ಸಿಲ್ ಕಟ್ಟಡಗಳಲ್ಲಿ ಎಲ್ಲರೂ ಬಾಡಿಗೆದಾರರಲ್ಲ. 1980ರ ಹೌಸಿಂಗ್ ಆ್ಯಕ್ಟ್ ಬಂದ ಮೇಲೆ ಬಾಡಿಗೆಗೆ ಇದ್ದವರು ತಮ್ಮ ಮನೆಯನ್ನು ರಿಯಾಯಿತಿ ಬೆಲೆಗೆ ಕೊಳ್ಳಬಹುದಾಯಿತು. ಹಾಗೆ ಕೊಂಡವರು, ಅವರಿಂದ ಮುಂದೆ ಕೊಂಡವರು, ಎಲ್ಲರೂ ಲೀಸ್‌ಹೋಲ್ಡರ್‌ಗಳು, ಅಂದರೆ ಮನೆ ದೀರ್ಘ ಲೀಸಿನ ಮೇಲೆ ಅವರದು, ಕಟ್ಟಡ ಮಾತ್ರ ಕೌನ್ಸಿಲ್‌ನದು. ಲಿಫ್ಟಿನ ಖರ್ಚಿನಲ್ಲಿ ಅವರ ಪಾಲನ್ನು ಸರ್ವಿಸ್ ಚಾರ್ಜ್ ಬಿಲ್ಲಿನಲ್ಲಿ ವಸೂಲಿ ಮಾಡುತ್ತೇವೆ. 1985ರ ಲ್ಯಾಂಡ್‌ಲಾರ್ಡ್ ಆ್ಯಂಡ್ ಟೆನೆಂಟ್ ಆ್ಯಕ್ಟಿನ 20ನೇ ಸೆಕ್ಷನ್ ಪ್ರಕಾರ, ಹನ್ನೆರಡು ತಿಂಗಳಿಗಿಂತ ಜಾಸ್ತಿ ಅವಧಿಯ ಒಪ್ಪಂದದಿಂದ ಯಾವುದೇ ಲೀಸ್‌ಹೋಲ್ಡರ್‌ಗೆ ವರ್ಷಕ್ಕೆ 100 ಪೌಂಡಿಗಿಂತ ಹೆಚ್ಚು ಹೊರೆ ಬೀಳುವುದಾದರೆ, ಸಹಿ ಹಾಕುವ ಮೊದಲೇ ಅವರ ಅಭಿಪ್ರಾಯ ಕೇಳಬೇಕು. ನೋಟಿಸ್ ಕೊಟ್ಟು ತಲಾ ಮೂವತ್ತು ದಿನದ ಕಾಲಾವಕಾಶ. ಕೇಳದೆ ಹೋದರೆ ಒಬ್ಬೊಬ್ಬರಿಂದ ವರ್ಷಕ್ಕೆ 100 ಪೌಂಡಿಗಿಂತ ಒಂದು ಪೆನ್ನಿಯೂ ಜಾಸ್ತಿ ಕೇಳುವಂತಿಲ್ಲ. ಉಳಿದದ್ದು ಕೌನ್ಸಿಲ್ ಹೊರಬೇಕು, ಅಂದರೆ ಕೊನೆಗೆ ಬಾಡಿಗೆದಾರರ ಬಾಡಿಗೆ ದುಡ್ಡೇ ಅದಕ್ಕೆ ಹೋಗುತ್ತದೆ.

ಹಾಗಾಗಿ ನನಗೆ ಬೇಕಿದ್ದ ಉತ್ತರ ಒಂದೇ. ಗುತ್ತಿಗೆ ಕೊಡುವಾಗ ಕಳಿಸಿದ ಆ ನೋಟಿಸಿನಲ್ಲಿ "ಐದು ವರ್ಷ" ಅಂತ ಮಾತ್ರ ಇತ್ತೋ, ಇನ್ನೆರಡು ವರ್ಷದ ಮಾತೂ ಇತ್ತೋ? ಇದ್ದರೆ ಮತ್ತೆ ಕೇಳುವ ಅಗತ್ಯವಿಲ್ಲ, ಅವರನ್ನು ಕೇಳಿದ್ದೇ ಏಳು ವರ್ಷಕ್ಕೆ ಅಂತಾಯಿತು. ಇಲ್ಲದಿದ್ದರೆ ಕಷ್ಟ. ಗುತ್ತಿಗೆಯ ಫೋಲ್ಡರಿನಲ್ಲಿ ನೋಟಿಸ್ ಇರಲಿಲ್ಲ. ಲೀಸ್‌ಹೋಲ್ಡ್ ತಂಡದವರು ಖರೀದಿ ತಂಡದ ಹತ್ತಿರ ಇರಬೇಕು ಅಂದರು, ಖರೀದಿ ತಂಡದವರು ಲೀಸ್‌ಹೋಲ್ಡ್ ತಂಡದ ಕಡೆ ಕೈ ತೋರಿಸಿದರು. ಮೂರು ವಾರ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಒಬ್ಬ ಲೀಸ್‌ಹೋಲ್ಡರ್ ಹತ್ತಿರ! ನಿವೃತ್ತರು, ಪ್ರತಿ ಬಿಲ್ಲಿಗೂ ತಕರಾರು ತೆಗೆಯುವವರು, ನಮ್ಮ ಆಫೀಸಿನಲ್ಲಿ ಅವರ ಹೆಸರು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರ ಫೈಲಿನಲ್ಲಿ 2018ರ ನೋಟಿಸ್ ಮಡಿಕೆಯೂ ಕೆಡದೆ ಕುಳಿತಿತ್ತು. "ಐದು ವರ್ಷ, ಕೌನ್ಸಿಲ್ ಬಯಸಿದರೆ ಗರಿಷ್ಠ ಇನ್ನೆರಡು ವರ್ಷ." ಆ ಒಂದು ಸಾಲು ಓದಿ ಅವತ್ತು ಎರಡು ಕಪ್ ಕಾಫಿ ಕುಡಿದೆ.

ಮುಂದಿನ ಪ್ರಶ್ನೆ, ಈ ಕಂಪನಿಯನ್ನು ಮುಂದುವರಿಸಲೇಬೇಕಾ? ಅವರ ಮಾಸಿಕ ವರದಿ ನೋಡಿದರೆ ಎಲ್ಲವೂ ಹಸಿರು ಬಣ್ಣ. ಮೆಟ್ಟಿಲು ಹತ್ತಿ ಸುಸ್ತಾದವರ ದೂರುಗಳು ಬೇರೆಯೇ ಹೇಳುತ್ತಿದ್ದವು. ನಮ್ಮ ಕಾಲ್ ಸೆಂಟರಿನ ದಾಖಲೆ ತರಿಸಿ ಅವರ ದಾಖಲೆಯ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದೆ, ಎರಡು ವಾರ ಕಣ್ಣು ಉರಿ. ಒಂದೇ ಲಿಫ್ಟು, ಅದೇ ಬಾಗಿಲು, ಒಂದೇ ತಿಂಗಳಲ್ಲಿ ನಾಲ್ಕು ಸಲ ಬಂದಿದ್ದಾರೆ, ನಾಲ್ಕೂ ಸಲ "ರೀಸೆಟ್ ಮಾಡಿ ಚಾಲನೆಗೆ ಬಿಡಲಾಗಿದೆ" ಅಂತ ಬರೆದು ಹೋಗಿದ್ದಾರೆ. ಪ್ರತಿ ಸಲವೂ ದೂರು ಕೊಟ್ಟ ನಾಲ್ಕು ಗಂಟೆಯೊಳಗೆ ಬಂದಿದ್ದರಿಂದ ಲೆಕ್ಕದಲ್ಲಿ ನಾಲ್ಕು ಪಾಸು!

ಇನ್ನೊಂದು ಸಂಗತಿ ಅವರ ಸರಾಸರಿಯಲ್ಲಿ ಕಾಣುತ್ತಲೇ ಇರಲಿಲ್ಲ. 1960ರ ದಶಕದ ನಮ್ಮ ಕೆಲವು ಟವರ್‌ಗಳಲ್ಲಿ ಎರಡು ಲಿಫ್ಟ್ ಇದ್ದರೂ ಒಂದು ಬೆಸ ಮಹಡಿಗಳಲ್ಲಿ ಮಾತ್ರ ನಿಲ್ಲುತ್ತದೆ, ಇನ್ನೊಂದು ಸಮ ಮಹಡಿಗಳಲ್ಲಿ. ಒಂದು ಕೆಟ್ಟರೆ "ಇನ್ನೊಂದು ಇದೆಯಲ್ಲ" ಅನ್ನುವ ಹಾಗಿಲ್ಲ, ಅರ್ಧ ಕಟ್ಟಡಕ್ಕೆ ಲಿಫ್ಟೇ ಇಲ್ಲ. ಗಾಲಿಕುರ್ಚಿಯಲ್ಲಿರುವವರು ಏನು ಮಾಡಬೇಕು? ನಾನು ಅಂಥ ಟವರ್‌ಗಳನ್ನು ಬೇರೆ ಪಟ್ಟಿ ಮಾಡಿ, ಬಾಗಿಲಿನ ದೋಷಗಳನ್ನು ಕೆಂಪಿನಲ್ಲಿ ಗುರುತು ಹಾಕಿ, ಮೇ ತಿಂಗಳಲ್ಲಿ ಕಂಪನಿಯವರ ಜೊತೆಗಿನ ಸಭೆಗೆ ಹೋದೆ. ಜೊತೆಗೆ ವಿಮಾ ಕಂಪನಿಯ ಎಂಜಿನಿಯರ್ ಕೊಟ್ಟ ವರದಿಗಳೂ ಇದ್ದವು. ಇಲ್ಲಿ 1998ರ ಲೋಲರ್ ನಿಯಮದ (ಎತ್ತುವ ಯಂತ್ರಗಳ ಸುರಕ್ಷತಾ ನಿಯಮ) ಪ್ರಕಾರ ಜನ ಓಡಾಡುವ ಲಿಫ್ಟನ್ನು ಆರು ತಿಂಗಳಿಗೊಮ್ಮೆ ಪೂರ್ತಿ ತಪಾಸಣೆ ಮಾಡಿಸುತ್ತೇವೆ, ಅದೂ ರಿಪೇರಿ ಮಾಡುವವರಿಂದಲ್ಲ, ಬೇರೆಯವರಿಂದ. ಅವರು ಬರೆದ ದೋಷಗಳಲ್ಲಿ ಎಷ್ಟು ಇನ್ನೂ ಹಾಗೇ ಉಳಿದಿವೆ ಅನ್ನುವುದೇ ಗುತ್ತಿಗೆದಾರನ ನಿಜವಾದ ಅಂಕಪಟ್ಟಿ.

ಸಭೆಯಲ್ಲಿ ಕಂಪನಿಯವರು ಮೊದಲು ಎತ್ತಿದ್ದು ದುಡ್ಡಿನ ಮಾತು. ಬೆಲೆ ಏರಿದೆ, ಕೂಲಿ ಏರಿದೆ, ದರ ಹೆಚ್ಚಿಸಿದರೆ ಮಾತ್ರ ಗಿಟ್ಟುತ್ತದೆ ಅಂದರು. ನಮ್ಮ ಗುತ್ತಿಗೆಯಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಹಿಂದಿನ ಅಕ್ಟೋಬರಿನ ಹಣದುಬ್ಬರದಷ್ಟು ದರ ಏರುತ್ತದೆ. 2022ರ ಅಕ್ಟೋಬರಿನಲ್ಲಿ ಅದು 11.1 ಶೇಕಡಾ ಇತ್ತು, ಅಷ್ಟನ್ನೂ ಆಗಲೇ ಕೊಟ್ಟಿದ್ದೆವು. ಅದರ ಮೇಲೆ ಇನ್ನಷ್ಟು ಕೊಟ್ಟರೆ 2015ರ ಸಾರ್ವಜನಿಕ ಗುತ್ತಿಗೆ ನಿಯಮಗಳ 72ನೇ ನಿಯಮಕ್ಕೆ ಉತ್ತರ ಹೇಳಬೇಕಾಗುತ್ತದೆ, ಮೊದಲೇ ಬರೆದ ಷರತ್ತಿನಂತೆ ಮುಂದುವರಿಸಬಹುದು, ಆದರೆ ಮುಂದುವರಿಸುವ ನೆಪದಲ್ಲಿ ಹೊಸ ಗುತ್ತಿಗೆಯನ್ನೇ ಮಾಡುವಂತಿಲ್ಲ ಅಂತ ವಿವರಿಸಿದೆ. ನಿಜ ಹೇಳಬೇಕೆಂದರೆ, "ಬೇಡ ಅಂದರೆ ಹೊಸ ಟೆಂಡರ್ ಕರೆಯುತ್ತೇವೆ" ಅಂತ ಹೆದರಿಸುವ ಹೊತ್ತು ಮೀರಿ ಹೋಗಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಹಕ್ಕು ನಮ್ಮದೇ ಆದರೂ ಮುನಿಸಿಕೊಂಡ ಕಂಪನಿ ಒಳ್ಳೆಯ ಮೆಕ್ಯಾನಿಕ್‌ಗಳನ್ನು ಬೇರೆ ಕಡೆ ಕಳಿಸಿಬಿಟ್ಟರೆ ಏನು ಮಾಡುತ್ತೀರಿ? ದರ ಏರಿಸಲಿಲ್ಲ, ಬದಲಿಗೆ ಬಿಲ್ಲನ್ನು ಬೇಗ ಪಾಸು ಮಾಡುವುದಾಗಿ ಒಪ್ಪಿದೆ. ಅವರು ಒಪ್ಪಿದ್ದು ಇದು: ಒಂದೇ ದೋಷಕ್ಕೆ ಮೂರನೇ ಸಲ ಬರುವಂತಾದರೆ ಮೇಲ್ವಿಚಾರಕನೇ ಬಂದು ಮೂಲ ಹುಡುಕಬೇಕು, ಬೆಸ-ಸಮ ಟವರ್‌ಗಳಿಗೆ ಮೊದಲ ಆದ್ಯತೆ.

2019ರ ಗುತ್ತಿಗೆಯಲ್ಲಿ ಇಲ್ಲದ ಎರಡು ಕೆಲಸ ಸೇರಿಸಬೇಕಿತ್ತು. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ 72 ಜನ ಸತ್ತರಲ್ಲ, ಆವತ್ತು ಅಗ್ನಿಶಾಮಕದವರಿಗೆ ಲಿಫ್ಟುಗಳನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳಲು ಆಗಲಿಲ್ಲ. ಆಮೇಲೆ ಬಂದ ನಿಯಮಗಳು 2023ರ ಜನವರಿ 23ರಿಂದ ಜಾರಿಯಾದವು. 18 ಮೀಟರ್ ಅಥವಾ ಏಳು ಮಹಡಿಯ ಕಟ್ಟಡಗಳಲ್ಲಿ ಅಗ್ನಿಶಾಮಕರು ಬಳಸುವ ಲಿಫ್ಟನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು, ದೋಷ 24 ಗಂಟೆಯಲ್ಲಿ ಸರಿಯಾಗದಿದ್ದರೆ ಅವರಿಗೆ ತಿಳಿಸಬೇಕು. ಮೊತ್ತ ಚಿಕ್ಕದು, 72ನೇ ನಿಯಮ ಒಪ್ಪುವ ಹತ್ತು ಶೇಕಡಾ ಮಿತಿಯೊಳಗೇ ಬಂತು. ಇನ್ನೊಂದು, ಲಿಫ್ಟಿನೊಳಗಿನ ತುರ್ತು ಫೋನು. ಇಲ್ಲಿನ ಹಳೆಯ ತಾಮ್ರದ ಟೆಲಿಫೋನ್ ಜಾಲ 2025ರ ಡಿಸೆಂಬರಿಗೆ ಮುಚ್ಚುವುದಿತ್ತು, ಸಿಮ್ ಇರುವ ಪೆಟ್ಟಿಗೆ ಹಾಕದಿದ್ದರೆ ಸಿಕ್ಕಿಬಿದ್ದವರು ಗುಂಡಿ ಒತ್ತಿದರೂ ಯಾರಿಗೂ ಕೇಳುವುದಿಲ್ಲ. ಆ ಗಡುವು ಆಮೇಲೆ 2027ರ ಜನವರಿಗೆ ಹೋಯಿತು. ನಾವು ಕಾಯಲಿಲ್ಲ, ಒಂದೊಂದೇ ಕಟ್ಟಡ ಮುಗಿಸುತ್ತಾ ಬಂದೆವು.

ಜುಲೈ ಸಭೆಯಲ್ಲಿ ನಮ್ಮ ವಿಷಯ ನಾಲ್ಕು ನಿಮಿಷದಲ್ಲಿ ಪಾಸಾಯಿತು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸ್ವಲ್ಪ ಬೇಜಾರೇ ಆಯಿತು ಅನ್ನಿ. ಸೆಪ್ಟೆಂಬರ್ 4ಕ್ಕೆ ನೋಟಿಸ್ ಕಳಿಸಿ, ತಲುಪಿದ ರಸೀದಿಯನ್ನು 2018ರ ಆ ನೋಟಿಸಿನ ಜೊತೆ ಫೋಲ್ಡರಿನ ಮೊದಲ ಪುಟಕ್ಕೇ ಸೇರಿಸಿದೆ.

ಆ ನಿವೃತ್ತರಿಗೆ ಒಂದು ಧನ್ಯವಾದದ ಪತ್ರ ಬರೆದೆ. ವಾಪಸ್ ಬಂದ ಉತ್ತರದಲ್ಲಿ ಎರಡು ಸಾಲು: ಸಂತೋಷ, ಮತ್ತು ಕಳೆದ ವರ್ಷದ ಲಿಫ್ಟ್ ಬಿಲ್ಲಿನಲ್ಲಿ ಒಂದು ಕೂಡಿಕೆ ತಪ್ಪಿದೆ. ನೋಡಿದರೆ ಹೌದು, ತಪ್ಪಿತ್ತು.