17 ಮಕ್ಕಳಿಗೆ ಅಕೇಲಾ ಆದ ಮೊದಲ ವರ್ಷ

ನನ್ನ ದೊಡ್ಡ ಮಗ ಸ್ಕೌಟ್. ಶನಿವಾರ ಸಂಜೆ ಅವನನ್ನು ಮೈದಾನಕ್ಕೆ ಬಿಡಲು ಹೋಗುವಾಗ ಚಿಕ್ಕವನೂ ಸ್ಕೂಟರ್ ಹತ್ತುತ್ತಿದ್ದ. ಅವನಿಗೆ ಆಗ 7 ವರ್ಷ. ಅಣ್ಣಂದಿರು ಹಗ್ಗ ಹಿಡಿದು ಗಂಟು ಹಾಕುವುದನ್ನು ಕಾಂಪೌಂಡ್ ಪಕ್ಕ ನಿಂತು ನೋಡುತ್ತಿದ್ದ. ಒಂದು ದಿನ ನನ್ನ ಕೈ ಬಿಡಿಸಿಕೊಂಡು ಸೀದಾ ಸ್ಕೌಟ್ ಮಾಸ್ಟರ್ ಹತ್ತಿರ ಹೋದ. "ಸಾರ್, ನನ್ನನ್ನೂ ಸೇರಿಸ್ಕೊಳ್ಳಿ" ಅಂದ.

ಅವರು ನಿವೃತ್ತ ಶಿಕ್ಷಕರು. ಎಲ್ಲರಿಗೂ ಮೇಷ್ಟ್ರು. ಬಗ್ಗಿ ಅವನ ಎತ್ತರಕ್ಕೆ ಕೂತರು. "ಸ್ಕೌಟ್ ಆಗೋಕೆ 10 ವರ್ಷ ತುಂಬಬೇಕು ಮರಿ. ನಿನ್ನಂಥೋರಿಗೆ ಕಬ್ ಅಂತ ಇದೆ. ಆದ್ರೆ ನಮ್ಮಲ್ಲಿ ಅದನ್ನ ನಡೆಸೋರು ಇಲ್ಲ" ಅಂದರು. ಆಮೇಲೆ ತಲೆ ಎತ್ತಿ ನನ್ನ ಕಡೆ ನೋಡಿದರು. "ನೀವೇ ಯಾಕೆ ನಡೆಸಬಾರದಮ್ಮಾ?"

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವಳು. ಓದುವಾಗ ಗೈಡ್ಸ್ ಸೇರಿದವಳಲ್ಲ. ಪಾಠ ಮಾಡಿ ಗೊತ್ತಿಲ್ಲ. ಅದನ್ನೇ ಹೇಳಿದೆ. ಮೇಷ್ಟ್ರು ಅದಕ್ಕೆ ಉತ್ತರ ಕೊಡದೆ ಕಬ್ ಹುಟ್ಟಿದ ಕತೆ ಹೇಳಿದರು. ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಅವರು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದ್ದು ದೊಡ್ಡ ಹುಡುಗರಿಗೆ. ಎರಡೇ ವರ್ಷದಲ್ಲಿ, 1909ಕ್ಕೆ, ನಮ್ಮ ಬೆಂಗಳೂರಿನಲ್ಲೂ ಕ್ಯಾಪ್ಟನ್ ಟಿ.ಎಚ್. ಬೇಕರ್ ಒಂದು ದಳ ಕಟ್ಟಿದರು. ಆದರೆ ಎಲ್ಲಾ ಕಡೆ ಒಂದೇ ಗೋಳು. ಅಣ್ಣಂದಿರ ಹಿಂದೆ ತಮ್ಮಂದಿರೂ ಬಂದು ನಿಲ್ಲುತ್ತಿದ್ದರು. ವಾಪಸ್ ಹೋಗಿ ಅಂದರೆ ಹೋಗುತ್ತಿರಲಿಲ್ಲ. ಅವರಿಗಾಗಿಯೇ 1916ರಲ್ಲಿ ಕಬ್ ಶುರುವಾಯಿತು. "ನೂರು ವರ್ಷದ ಹಿಂದೆ ಅಲ್ಲಿ ನಿಂತಿದ್ದ ತಮ್ಮನೇ ಇವತ್ತು ನಿಮ್ಮ ಪಕ್ಕ ನಿಂತಿದ್ದಾನೆ ನೋಡಿ" ಅಂದರು. ನನಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಕಾಗದದ ಕೆಲಸ ನಾನು ಹೆದರಿದಷ್ಟು ಇರಲಿಲ್ಲ. ಸ್ಕೌಟ್ಸ್ ಗೈಡ್ಸ್‌ನ ಸ್ಥಳೀಯ ಸಂಸ್ಥೆಯ ಮೂಲಕ ಅರ್ಜಿ ಹೋಯಿತು. ಮೇಷ್ಟ್ರ ದಳಕ್ಕೆ ಸೇರಿದ ಹಾಗೆ ಒಂದು ಕಬ್ ಪ್ಯಾಕ್, ಅಂದರೆ ಕಬ್‌ಗಳ ಗುಂಪು, ಅಂತ ನೋಂದಣಿ ಆಯಿತು. ಪ್ಯಾಕ್ ನಡೆಸುವವರನ್ನು ಮಕ್ಕಳು ಅಕೇಲಾ ಅಂತ ಕರೆಯುತ್ತಾರೆ. ಒಂದು ಪ್ಯಾಕ್‌ನಲ್ಲಿ 24 ಮಕ್ಕಳವರೆಗೆ ಇರಬಹುದು. ನಮಗೆ ಸಿಕ್ಕಿದ್ದು 17 ಹುಡುಗರು. ಇದೇ ವಯಸ್ಸಿನ ಹುಡುಗಿಯರಿಗೆ ಬುಲ್‌ಬುಲ್ ಅಂತ ಬೇರೆ ಗುಂಪು ಇದೆ. ಅದು ನಮ್ಮಲ್ಲಿ ಇನ್ನೂ ಶುರುವಾಗಿಲ್ಲ, ಆಗಬೇಕು.

ಮೊದಲ ಮೂರು ಶನಿವಾರ ನೆನೆಸಿಕೊಂಡರೆ ಈಗಲೂ ಗಂಟಲು ಒಣಗುತ್ತದೆ. ನಾನು ಅದನ್ನು ಶಾಲೆ ಅಂದುಕೊಂಡಿದ್ದೆ. ಚಾರ್ಟ್ ಬರೆದುಕೊಂಡು ಹೋದೆ. ಸಾಲಾಗಿ ಕೂರಿಸಿ ಪ್ರತಿಜ್ಞೆ ಬಾಯಿಪಾಠ ಮಾಡಿಸಲು ಹೊರಟೆ. ಹತ್ತು ನಿಮಿಷಕ್ಕೆ ನಾಲ್ಕು ಜನ ಎದ್ದು ಓಡಿದರು. ಇಬ್ಬರು ಮಣ್ಣಲ್ಲಿ ಗುದ್ದಾಡಿದರು. ಸೀಟಿ ಊದಿದೆ. ಇನ್ನೂ ಜೋರಾಗಿ ಊದಿದೆ. ಮೂರನೇ ವಾರಕ್ಕೆ ಸೀಟಿ ಅಂದರೆ ಅವರಿಗೆ ಲೆಕ್ಕಕ್ಕೇ ಇಲ್ಲ.

ಅವತ್ತು ಮೇಷ್ಟ್ರು ಕೊನೆಯವರೆಗೂ ಸುಮ್ನೆ ನೋಡಿದರು. ಮಕ್ಕಳು ಹೋದ ಮೇಲೆ ಎರಡೇ ಮಾತು ಹೇಳಿದರು. "ಮಕ್ಕಳು ಸ್ಕೂಲಿಂದ ಸೀದಾ ಬರ್ತಾರೆ, ಹೊಟ್ಟೆ ಹಸಿದಿರುತ್ತೆ. ಮೊದಲು ಏನಾದ್ರೂ ಕೊಡಿ. ಇನ್ನೊಂದು, ನೀವು 17 ಜನರನ್ನ ನಡೆಸ್ತಿದ್ದೀರಿ. 3 ಜನರನ್ನ ನಡೆಸಿ, ಸಾಕು."

ಮೊದಲನೆಯದು ತಕ್ಷಣ ಅರ್ಥವಾಯಿತು. ಮುಂದಿನ ವಾರದಿಂದ ಒಂದು ಚೀಲ ಕಡ್ಲೆಪುರಿ ಒಯ್ದೆ. ಇವತ್ತಿಗೂ ನಮ್ಮ ಸಭೆ ಶುರುವಾಗುವುದು ಕಡ್ಲೆಪುರಿಯಿಂದ. ಎರಡನೆಯದು ಅರ್ಥವಾಗಲು ಆರು ತಿಂಗಳು ಬೇಕಾಯಿತು.

ಕಬ್‌ನಲ್ಲಿ ಮಕ್ಕಳನ್ನು ಆರಾರು ಜನರ ಗುಂಪು ಮಾಡುತ್ತಾರೆ. ಅದಕ್ಕೆ ಸಿಕ್ಸ್ ಅಂತಲೇ ಹೆಸರು. ಪ್ರತಿ ಸಿಕ್ಸ್‌ಗೆ ಒಂದು ಬಣ್ಣ. ಗುಂಪಿನ ನಾಯಕ ಸಿಕ್ಸರ್, ಅವನ ಜೊತೆಗೊಬ್ಬ ಸೆಕೆಂಡ್. ನಾನೂ ಕಪ್ಪು, ಬೂದು, ಕಂದು ಅಂತ ಮೂರು ಸಿಕ್ಸ್ ಮಾಡಿದೆ. ಹೆಸರು ಬರೆದು ಪುಸ್ತಕದಲ್ಲಿ ಇಟ್ಟೆ. ಆದರೆ ಕೆಲಸವನ್ನೆಲ್ಲಾ ನಾನೇ ಮಾಡುತ್ತಿದ್ದೆ. ಸಿಕ್ಸರ್ ಅನ್ನುವುದು ತೋಳಿನ ಮೇಲಿನ ಪಟ್ಟಿ ಅಷ್ಟೇ ಆಗಿತ್ತು.

ದಸರಾ ರಜೆಯಲ್ಲಿ 7 ದಿನದ ಮೂಲ ತರಬೇತಿಗೆ ದೊಡ್ಡಬಳ್ಳಾಪುರಕ್ಕೆ ಹೋದೆ. ಅಲ್ಲಿ ರಾಜ್ಯ ಸಂಸ್ಥೆಯ ತರಬೇತಿ ಕೇಂದ್ರ ಇದೆ, ಡಾ. ಆನಿ ಬೆಸೆಂಟ್ ಪಾರ್ಕ್ ಅಂತ. ಶುರುವಿನಲ್ಲಿ ನಮ್ಮ ದೇಶದಲ್ಲಿ ಸ್ಕೌಟಿಂಗ್ ಇದ್ದದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳಿಗೂ ಸಿಗಬೇಕು ಅಂತ ಬೇರೆ ಸಂಘ ಕಟ್ಟಿದವರಲ್ಲಿ ಬೆಸೆಂಟ್ ಮುಖ್ಯರು. ಆ ಹೆಸರು ಅಲ್ಲಿರುವುದು ನನಗೆ ತುಂಬಾ ಸರಿ ಅನ್ನಿಸಿತು.

ಮನೆ ಬಿಟ್ಟು 7 ದಿನ ಹೋಗುವುದು ಸುಲಭ ಇರಲಿಲ್ಲ. ಅತ್ತೆ "ಹೋಗಿ ಬಾ, ನಾನಿದ್ದೀನಿ" ಅಂದದ್ದಕ್ಕೆ ಆಯಿತು. ಅಲ್ಲಿ ನಮ್ಮನ್ನು ಮಕ್ಕಳ ಹಾಗೇ ಸಿಕ್ಸ್ ಮಾಡಿದರು. ನನಗೆ 38, ನಮ್ಮ ಸಿಕ್ಸರ್ ಹುಡುಗಿಗೆ 24. ಬೆಳಿಗ್ಗೆ ಎದ್ದು ಬಿ.ಪಿ. (ಬೇಡನ್ ಪೊವೆಲ್) ವ್ಯಾಯಾಮ, ಆಮೇಲೆ ತಪಾಸಣೆ, ಧ್ವಜ. ಪ್ರಾರ್ಥನೆಗೆ 90 ಸೆಕೆಂಡ್, ಧ್ವಜಗೀತೆಗೆ 45, ರಾಷ್ಟ್ರಗೀತೆಗೆ 52. ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿದರು. ಗುಂಡಗೆ ಕುಕ್ಕರಗಾಲಲ್ಲಿ ಕೂತು, ತೋಳದ ಮರಿಗಳ ಹಾಗೆ ನೆಲಕ್ಕೆ ಬೆರಳೂರಿ "ಅಕೇಲಾ, ನಮ್ಮ ಕೈಲಾದಷ್ಟು ಮಾಡ್ತೀವಿ" ಅನ್ನುವ ಅರ್ಥದ ಕೂಗು ಹಾಕಿದೆವು. ಅದೇ ಗ್ರ್ಯಾಂಡ್ ಹೌಲ್. ಕಬ್‌ನ ಎಷ್ಟೋ ಆಟ, ಕೂಗು, ಹೆಸರು ಮೋಗ್ಲಿಯ ಕಾಡಿನ ಕತೆಯಿಂದ ಬಂದವು. ಆ ಕತೆಯಲ್ಲಿ ಅಕೇಲಾ ತೋಳಗಳ ಹಿಂಡಿನ ಹಿರಿಯ. ಆ ಕಾಡು ಇರುವುದು ನಮ್ಮ ದೇಶದಲ್ಲೇ, ಮಧ್ಯಪ್ರದೇಶದ ಸಿವನಿ ಕಡೆ.

ಸಿಕ್ಸ್‌ನಲ್ಲಿ ನನಗೆ ಬಂದ ಕೆಲಸ, ಊಟದ ಮನೆ ಮುಂದೆ ಕೈ ತೊಳೆಯುವ ನೀರು ತುಂಬಿಡುವುದು. ಅಷ್ಟೇ. ನಮ್ಮ ಸಿಕ್ಸರ್ ಒಂದು ಸಲ ಹೇಳಿದಳು, ಮತ್ತೆ ತಿರುಗಿ ನೋಡಲಿಲ್ಲ. ಮನೆಯಲ್ಲಿ, ಮಂಡಿಯಲ್ಲಿ ಇದರ ಹತ್ತರಷ್ಟು ಕೆಲಸ ಮಾಡುತ್ತೇನೆ. ಆದರೂ ಆ ಬಕೆಟ್ ನನ್ನದು ಅನ್ನಿಸಿಬಿಟ್ಟಿತು. ಯಾರೂ ಏಳುವ ಮೊದಲೇ ತುಂಬಿಡುತ್ತಿದ್ದೆ. ಮೇಷ್ಟ್ರು ಹೇಳಿದ ಮಾತು ಅಲ್ಲಿ ತಲೆಗೆ ಹೋಯಿತು. ಕೈಗೆ ಬಂದಿರಲಿಲ್ಲ.

ಕೈಗೆ ಬಂದದ್ದು ಡಿಸೆಂಬರ್‌ನಲ್ಲಿ, ನಮ್ಮ ಮೊದಲ ಹೊರಸಂಚಾರದ ದಿನ. ಒಬ್ಬ ಹುಡುಗನ ಮನೆಯವರದೇ ತೆಂಗಿನ ತೋಟ, ಊರಿಂದ 2 ಕಿಲೋಮೀಟರ್. ಎಲ್ಲರ ಮನೆಯಿಂದಲೂ ಒಪ್ಪಿಗೆ ಪತ್ರ ತರಿಸಿದ್ದೆ. ನೀರು, ಬುತ್ತಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಎಲ್ಲಾ ಇತ್ತು. ಜೊತೆಗೆ ನನ್ನ ಸಹಾಯಕರಾಗಿ ಒಬ್ಬ ತಂದೆ ಇದ್ದರು. ಎಲೆ ಗುರುತಿಸಿದೆವು, ಹಕ್ಕಿ ನೋಡಿದೆವು, ಚಿತ್ರಾನ್ನ ತಿಂದೆವು. ಹೊರಡುವಾಗ ನಾನೇ ತಲೆ ಎಣಿಸಿದೆ. 17. ಹೊರಟೆವು.

ಅರ್ಧ ಕಿಲೋಮೀಟರ್ ಬಂದಿದ್ದೆವು. ಬೂದು ಸಿಕ್ಸ್‌ನ ಸಿಕ್ಸರ್ ಬಂದು "ಅಕೇಲಾ, ನಮ್ಮಲ್ಲಿ ಒಬ್ಬ ಇಲ್ಲ" ಅಂದ. "ಲೆಕ್ಕ ಸರಿ ಇದೆ, ನಡಿಯಪ್ಪಾ" ಅಂದೆ. ಅವನು ನಡೆಯಲಿಲ್ಲ. "ಇಲ್ಲ ಅಕೇಲಾ, ನಿಜವಾಗ್ಲೂ ಇಲ್ಲ" ಅಂತ ಅಲ್ಲೇ ನಿಂತ. ಮತ್ತೆ ಎಣಿಸಿದೆ. 17 ತಲೆ ಇದ್ದವು. ಆದರೆ ಒಂದು ತಲೆ ನಮ್ಮದಲ್ಲ. ತೋಟದ ಕೆಲಸದವರ ಮಗ ಮಕ್ಕಳ ಜೊತೆ ಆಡಿಕೊಂಡು ಸಾಲಿನಲ್ಲಿ ಸೇರಿ ಬಂದಿದ್ದ.

ನನ್ನ ಜೊತೆ ಇದ್ದವರನ್ನು ಮಕ್ಕಳ ಹತ್ತಿರ ಬಿಟ್ಟು, ಆ ತೋಟದ ಹುಡುಗನ ಕೈ ಹಿಡಿದುಕೊಂಡು ವಾಪಸ್ ಓಡಿದೆ. ದಾರಿಯುದ್ದಕ್ಕೂ ನನಗೆ ಕಂಡದ್ದು ಆ ತೋಟದ ಬಾವಿ ಒಂದೇ. ನಮ್ಮ ಹುಡುಗ ಪಂಪ್‌ಹೌಸ್ ಮೆಟ್ಟಿಲ ಮೇಲೆ ಕೂತಿದ್ದ. ಶೂ ಲೇಸ್ ಬಿಚ್ಚಿಹೋಗಿತ್ತು. ಕಟ್ಟಲು ಬರುತ್ತಿರಲಿಲ್ಲ. ಬರಲ್ಲ ಅಂತ ಹೇಳಲು ನಾಚಿಕೆ. ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಎರಡು ತುದಿ ಹಿಡಿದು ಪ್ರಯತ್ನ ಮಾಡುತ್ತಲೇ ಇದ್ದ. ನಾನು ಅವನ ಪಕ್ಕ ಕೂತು ಒಂದು ನಿಮಿಷ ಸುಧಾರಿಸಿಕೊಂಡೆ.

ಅವತ್ತು ರಾತ್ರಿ ಅವನ ಮನೆಗೆ ಹೋಗಿ ನಡೆದದ್ದನ್ನು ನಾನೇ ಹೇಳಿದೆ. ಬೇರೆಯವರ ಬಾಯಿಂದ ಅವರಿಗೆ ತಿಳಿಯಬಾರದಲ್ವಾ. ಅವರಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಮುಂದಿನ ಶನಿವಾರ ಕಳಿಸ್ತೀನಿ" ಅಂದರು. ಆ ಋಣ ನನ್ನ ಮೇಲೆ ಇದೆ.

ಎಣಿಕೆಯಲ್ಲಿ ನನಗೆ ಕಂಡದ್ದು 17. ಆ 9 ವರ್ಷದ ಸಿಕ್ಸರ್‌ಗೆ ಕಂಡದ್ದು ತನ್ನ ಜೊತೆಯವನ ಮುಖ. ಅವನು ಎರಡನೇ ಸಲ ಹೇಳದೆ ಇದ್ದಿದ್ದರೆ? ಅಂದಿನಿಂದ ನಾನು ಮಕ್ಕಳನ್ನು ಎಣಿಸುವುದಿಲ್ಲ. ಸಿಕ್ಸರ್‌ಗಳು ಬಂದು ತಮ್ಮ ಸಿಕ್ಸ್ ವರದಿ ಕೊಡುತ್ತಾರೆ, ಯಾರು ಇದ್ದಾರೆ, ಯಾರು ಇಲ್ಲ, ಯಾಕೆ ಇಲ್ಲ ಅಂತ. ನಾನು ಹೆಸರಿನ ಪಟ್ಟಿ ಹಿಡಿದು ತಾಳೆ ನೋಡುತ್ತೇನೆ. ಕಡ್ಲೆಪುರಿ ಹಂಚುವುದು, ಹಗ್ಗ ಕೊಟ್ಟು ಎಣಿಸಿ ವಾಪಸ್ ತರುವುದು, ಉಗುರು ಕರವಸ್ತ್ರ ನೋಡುವುದು ಎಲ್ಲವೂ ಅವರದೇ. ಸೀಟಿ ಮನೆಯಲ್ಲಿದೆ. ಕೈ ಎತ್ತಿದರೆ ಸಿಕ್ಸರ್‌ಗಳು ಸುಮ್ಮನಾಗುತ್ತಾರೆ, ಅವರನ್ನು ನೋಡಿ ಉಳಿದವರು. ತಕ್ಷಣ ಅಲ್ಲ, ಆದರೆ ಆಗುತ್ತಾರೆ.

ಇನ್ನೊಂದು ಬದಲಾವಣೆ ಗಂಟಿನದು. ಎರಡು ತುದಿ ಸೇರಿಸಿ ಕಟ್ಟುವ ರೀಫ್ ಗಂಟನ್ನು ನಾನು ಹಗ್ಗದಲ್ಲಿ ಕಲಿಸುತ್ತಿದ್ದೆ, ಮಕ್ಕಳು ಮುಂದಿನ ವಾರಕ್ಕೆ ಮರೆಯುತ್ತಿದ್ದರು. ಈಗ ಶೂ ಲೇಸ್‌ನಿಂದ ಶುರು ಮಾಡುತ್ತೇನೆ. ನೋಡಿ, ನಾವು ಲೇಸ್ ಕಟ್ಟುವ ಹೂಗಂಟು ಕೂಡ ರೀಫ್ ಗಂಟೇ. ತುದಿ ಪೂರ್ತಿ ಎಳೆಯದೆ ಕುಣಿಕೆ ಬಿಡುತ್ತೇವೆ ಅಷ್ಟೇ. ಬಲಗಡೆಯದು ಎಡದ ಮೇಲೆ, ಆಮೇಲೆ ಎಡಗಡೆಯದು ಬಲದ ಮೇಲೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದರೆ ಹೂವು ಶೂ ಮೇಲೆ ಅಡ್ಡ ಕೂರದೆ ಉದ್ದಕ್ಕೆ ತಿರುಗುತ್ತದೆ, ಬೇಗ ಬಿಚ್ಚಿಕೊಳ್ಳುತ್ತದೆ. ಮಕ್ಕಳು ಒಬ್ಬರ ಶೂ ಒಬ್ಬರು ನೋಡಿ ತಪ್ಪು ಹಿಡಿಯುತ್ತಾರೆ. ಹಗ್ಗದ ಬಗ್ಗೆ ಒಂದು ಮಾತು. ನಮ್ಮೂರಲ್ಲಿ ನಾರಿನ ಹಗ್ಗಕ್ಕೆ ಬರ ಇಲ್ಲ, ಆದರೆ ಮಕ್ಕಳ ಕೈಗೆ ಚುಚ್ಚುತ್ತದೆ. ನೈಲಾನ್ ಜಾರುತ್ತದೆ. ಪೆನ್ಸಿಲ್ ದಪ್ಪದ ನೂಲಿನ ಹಗ್ಗವೇ ಒಳ್ಳೆಯದು. ಒಬ್ಬೊಬ್ಬರಿಗೆ ಒಂದೂವರೆ ಮೀಟರ್ ಸಾಕು. ತುದಿ ಬಿಚ್ಚಿಕೊಳ್ಳದ ಹಾಗೆ ದಾರ ಸುತ್ತಿಡಿ.

ಸಭೆ ಒಂದೂಕಾಲು ಗಂಟೆ ಮೀರಿಸುವುದಿಲ್ಲ. ಧ್ವಜ, ಗ್ರ್ಯಾಂಡ್ ಹೌಲ್ ಆದ ತಕ್ಷಣ ಓಡುವ ಆಟ. ಮೈ ದಣಿದ ಮೇಲೆಯೇ ಕಿವಿ ತೆರೆಯುವುದು. ಆಮೇಲೆ ಒಂದೇ ಒಂದು ಹೊಸ ವಿಷಯ, ಮತ್ತೆ ಆಟ, ಕೊನೆಗೆ ಕತೆ. ಕಿಮ್ಸ್ ಗೇಮ್ ನನ್ನ ಅಡುಗೆಮನೆಯಿಂದಲೇ ನಡೆಯುತ್ತದೆ. ತಟ್ಟೆಯಲ್ಲಿ ಲವಂಗ, ಗುಂಡಿ, ಬೀಗದ ಕೈ, ಕೊಬ್ಬರಿ ಚೂರು ಇಟ್ಟು ಒಂದು ನಿಮಿಷ ತೋರಿಸಿ ಮುಚ್ಚುವುದು, ಏನೇನಿತ್ತು ಅಂತ ನೆನಪಿನಿಂದ ಹೇಳಿಸುವುದು. ದೊಡ್ಡವರಿಗೆ 24 ವಸ್ತು ಇಡುತ್ತಾರೆ. ಚಿಕ್ಕವರಿಗೆ 10ರಿಂದ ಶುರು ಮಾಡಿ. ಇನ್ನೊಂದು ವಿಷಯದಲ್ಲಿ ನಾನು ತುಂಬಾ ಗಟ್ಟಿ. ಇಬ್ಬರು ದೊಡ್ಡವರು ಇಲ್ಲದೆ ಸಭೆ ಇಲ್ಲ. ಯಾವ ಮಗುವಿನ ಜೊತೆಗೂ ಒಬ್ಬರೇ ದೊಡ್ಡವರು ಮರೆಯಲ್ಲಿ ಇರುವ ಹಾಗಿಲ್ಲ, ನಾನೂ ಸೇರಿ.

ಪೋಷಕರು ಜಾಸ್ತಿ ಕೇಳುವುದು ಸರ್ಟಿಫಿಕೇಟ್ ಬಗ್ಗೆ. ಕಬ್‌ಗಳ ಅತಿ ದೊಡ್ಡ ಪ್ರಶಸ್ತಿ ಗೋಲ್ಡನ್ ಆ್ಯರೋ ಯಾವಾಗ ಸಿಗುತ್ತೆ ಅಂತ. ಸಿಗಲಿ, ನನಗೂ ಆಸೆ ಇದೆ. ಆದರೆ ಮೊದಲು ಮಗು ದೀಕ್ಷೆ ತೆಗೆದುಕೊಂಡು, ದಿನಕ್ಕೊಂದು ಒಳ್ಳೆ ಕೆಲಸ ಅನ್ನುವ ಮಾತನ್ನು ಒಂದಷ್ಟು ದಿನ ಬದುಕಬೇಕು. ಆ ಮಾತು ನೆನಪಿರಲಿ ಅಂತ ಸ್ಕಾರ್ಫ್ ತುದಿಗೆ ಗಂಟು ಹಾಕಿ, ಕೆಲಸ ಮಾಡಿದ ಮೇಲೆ ಬಿಚ್ಚುವ ರೂಢಿ ಇದೆ. ಒಂದು ಸಂಜೆ ಒಬ್ಬನ ಗಂಟು ಹಾಗೇ ಇತ್ತು. "ಅಜ್ಜಿಗೆ ನೀರು ಕೊಡೋಣ ಅಂತ ಹೋದೆ ಅಕೇಲಾ, ಅವರು ಆಗಲೇ ಕುಡಿದುಬಿಟ್ಟಿದ್ರು" ಅಂದ. ಸುಳ್ಳು ಹೇಳಿ ಗಂಟು ಬಿಚ್ಚಿಕೊಂಡು ಬರಬಹುದಿತ್ತು. ಬಂದಿರಲಿಲ್ಲ. ಆಟದ ನಡುವೆ ತನ್ನ ಬಾಟಲಿ ನೀರನ್ನು ಮೈದಾನದ ಅಂಚಿನ ಹೊಂಗೆ ಸಸಿಗೆ ಹಾಕಿ ಬಂದ, ಗಂಟು ಬಿಚ್ಚಿದ. ನನಗೆ ಏನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ.

ಈ ಜೂನ್‌ಗೆ ಇಬ್ಬರಿಗೆ 10 ತುಂಬಿತು. ಮೇಷ್ಟ್ರ ದಳಕ್ಕೆ ಹೋದರು. ಬೂದು ಸಿಕ್ಸ್‌ನ ಸಿಕ್ಸರ್ ಕೂಡ ಅದರಲ್ಲಿ ಒಬ್ಬ. ಹೋಗುವ ಮುಂಚೆ ತನ್ನ ಸೆಕೆಂಡ್‌ಗೆ ಎರಡು ವಾರ ವರದಿ ಕೊಡುವುದನ್ನು ಕಲಿಸಿದ. ಆ ಸೆಕೆಂಡ್ ಬೇರೆ ಯಾರೂ ಅಲ್ಲ, ಪಂಪ್‌ಹೌಸ್ ಮೆಟ್ಟಿಲ ಮೇಲೆ ಕೂತಿದ್ದವನು. ಹೊಸದಾಗಿ ಐದು ಮಕ್ಕಳು ಬಂದಿದ್ದಾರೆ. ಈಗ 20 ಜನ, ನಾಲ್ಕು ಸಿಕ್ಸ್ ಆಗಬೇಕು. ನನಗೆ ಇನ್ನೊಬ್ಬ ಸಹಾಯಕರು ಬೇಕೇ ಬೇಕು. ಮೊನ್ನೆ ಕಾಂಪೌಂಡ್ ಪಕ್ಕ ಕೈಚೀಲ ಹಿಡಿದು ನಿಂತಿದ್ದ ಒಬ್ಬರು ತಾಯಿಯನ್ನು ಕೇಳಿದ್ದೇನೆ. ಮನೆಯಲ್ಲಿ ಕೇಳಿ ಹೇಳ್ತೀನಿ ಅಂದಿದ್ದಾರೆ.